ಮಂಡಕ್ಕಿಯನ್ನು ಉಬ್ಬಿಸುವುದು ಗಾಳಿಯೋ, ನೀರೋ?

ಪ್ರಶ್ನೆ: ಹರಿಹರ ತಾಲ್ಲೂಕಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಏಳನೇ ತರಗತಿಯ ಮಕ್ಕಳನ್ನು ದಾವಣಗೆರೆಯ ಮಂಡಕ್ಕಿ ಭಟ್ಟಿಯೊಂದಕ್ಕೆ ಕರೆದುಕೊಂಡು ಹೋಗಿದ್ದೆವು. ಬಂದ ಮೇಲೆ ಪ್ರಶ್ನೆಗಳ ಮೇಲೆ ಪ್ರಶ್ನೆ. 'ಅಕ್ಕಿಯೊಳಗಿನ ಗಾಳಿ ಕಾದು ಹಿಗ್ಗಿ ಮಂಡಕ್ಕಿ ಆಗುತ್ತೆ' ಎಂದು ಒಬ್ಬ ಹುಡುಗ ಪಟ್ಟು ಹಿಡಿದಿದ್ದಾನೆ. 'ಕಬ್ಬಿಣ ಒಳ್ಳೆ ವಾಹಕ, ಮರಳು ಅಲ್ಲ ಅಂತ ನೀವೇ ಹೇಳಿದ್ರಿ ಮಿಸ್, ಮತ್ತೆ ಮರಳು ಯಾಕೆ ಹಾಕ್ತಾರೆ?' ಎಂದು ಇನ್ನೊಬ್ಬಳು. ಚಟಪಟ ಸದ್ದು ಎಲ್ಲಿಂದ ಬರುತ್ತದೆ ಎಂಬುದು ಮೂರನೆಯದು. ಮಾಡಿಯೇ ತೋರಿಸೋಣವೆಂದು ಬಾಣಲೆಯಲ್ಲಿ ಮರಳು ಕಾಯಿಸಿ ಮನೆಯ ಸೋನಾ ಮಸೂರಿ ಅಕ್ಕಿಯನ್ನು ಎರಡು ಹಿಡಿ ಹಾಕಿದೆವು. ಕೆಂಪಗಾಯಿತು, ಆಮೇಲೆ ಕಪ್ಪಾಯಿತು, ಒಂದು ಕಾಳೂ ಅರಳಲಿಲ್ಲ. ತಪ್ಪಿದ್ದು ಎಲ್ಲಿ?

ಉತ್ತರ: ಮೇಡಂ, ಆ ಹುಡುಗನ ವಾದದಿಂದಲೇ ಶುರು ಮಾಡೋಣ. ಅದು ಲೆಕ್ಕ ಹಾಕಿ ತೀರ್ಮಾನಿಸಬಹುದಾದ ವಾದ, ಹಾಗಾಗಿ ಒಳ್ಳೆಯ ವಾದ.

ಗಾಳಿ ಕಾದರೆ ಹಿಗ್ಗುವುದು ನಿಜ. ಎಷ್ಟು ಹಿಗ್ಗುತ್ತದೆ? ಒತ್ತಡ ಒಂದೇ ಇದ್ದರೆ ಅನಿಲದ ಗಾತ್ರ ಕೆಲ್ವಿನ್ ತಾಪಕ್ಕೆ ತಕ್ಕಂತೆ ಏರುತ್ತದೆ. ನಮ್ಮ ಕಡೆಯ ಸಾಧಾರಣ ಹಗಲಿನ 30 ಡಿಗ್ರಿ ಸೆಲ್ಸಿಯಸ್ ಎಂದರೆ, 273 ಕೂಡಿಸಿ, 303 ಕೆಲ್ವಿನ್. ಭಟ್ಟಿಯ ಮರಳು ಸುಮಾರು 250 ಡಿಗ್ರಿ, ಅಂದರೆ 523 ಕೆಲ್ವಿನ್. 523ನ್ನು 303ರಿಂದ ಭಾಗಿಸಿದರೆ 1.73 ಬರುತ್ತದೆ. ಅಕ್ಕಿಕಾಳು ಪೂರಾ ಗಾಳಿಯೇ ಆಗಿದ್ದರೂ ಅದು ಎರಡು ಪಟ್ಟು ಕೂಡ ದೊಡ್ಡದಾಗುತ್ತಿರಲಿಲ್ಲ. ಮಂಡಕ್ಕಿಯೋ ಅಕ್ಕಿಗಿಂತ ಎಂಟು-ಹತ್ತು ಪಟ್ಟು ದೊಡ್ಡದು. ಅಲ್ಲದೆ ಗಟ್ಟಿ ಕಾಳಿನೊಳಗೆ ಗಾಳಿಗೆ ಜಾಗ ಇರುವುದೇ ಅಷ್ಟಕ್ಕಷ್ಟೆ. ಗಾಳಿಯ ವಾದ ಇಲ್ಲಿಗೆ ಮುಗಿಯಿತು.

ಈಗ ನೀರಿನ ಲೆಕ್ಕ ನೋಡಿ. ಒಂದು ಅಕ್ಕಿಕಾಳು ಸುಮಾರು 20 ಮಿಲಿಗ್ರಾಂ ತೂಗುತ್ತದೆ. ಒಣಗಿದಂತೆ ಕಂಡರೂ ಅದರಲ್ಲಿ ಶೇ. 10ರಷ್ಟು ನೀರಿದೆ ಎಂದುಕೊಳ್ಳಿ: 2 ಮಿಲಿಗ್ರಾಂ. ಒಂದು ಹನಿ ನೀರನ್ನು ಇಪ್ಪತ್ತೈದು ಪಾಲು ಮಾಡಿದರೆ ಅದರಲ್ಲೊಂದು ಪಾಲು. ನೀರು 100 ಡಿಗ್ರಿಯಲ್ಲಿ ಹಬೆಯಾದಾಗ 1 ಗ್ರಾಂ ನೀರು ಸುಮಾರು 1.67 ಲೀಟರ್ ಜಾಗ ಹಿಡಿಯುತ್ತದೆ. ಹಾಗಾದರೆ ನಮ್ಮ 2 ಮಿಲಿಗ್ರಾಂ ನೀರು 3.3 ಮಿಲಿಲೀಟರ್ ಹಬೆಯಾಗುತ್ತದೆ. ಕಾಳಿನ ಗಾತ್ರ ಸುಮಾರು 0.014 ಮಿಲಿಲೀಟರ್. ಅಂದರೆ ಕಾಳಿನೊಳಗಿನ ನೀರಿಗೆ ಕಾಳಿನ 200 ಪಟ್ಟಿಗೂ ಮಿಕ್ಕಿ ಜಾಗ ಬೇಕು. ಹತ್ತು ಪಟ್ಟು ಉಬ್ಬಿಸಲು ಅದರಲ್ಲಿ ಸ್ವಲ್ಪವೇ ಸಾಕು. ಉಳಿದದ್ದು ಬಾಣಲೆಯಿಂದ ಮೇಲಕ್ಕೆ ಹೋಗುತ್ತದೆ.

ಇಷ್ಟು ನೀರು ಎಲ್ಲ ಅಕ್ಕಿಯಲ್ಲೂ ಇದೆ. ನಿಮ್ಮ ಸೋನಾ ಮಸೂರಿಯಲ್ಲಿ ಇನ್ನೂ ಹೆಚ್ಚೇ ಇತ್ತು. ಅಂಗಡಿಯ ಅಕ್ಕಿಯಲ್ಲಿ ಸಾಮಾನ್ಯವಾಗಿ ಶೇ. 12–13 ತೇವ ಇರುತ್ತದೆ. ಆದರೂ ಅರಳಲಿಲ್ಲ. ಏಕೆಂದರೆ ಹಬೆ ಹುಟ್ಟಿದರೆ ಸಾಲದು, ಅದು ಒಳಗೇ ಸಿಕ್ಕಿಕೊಳ್ಳಬೇಕು. ಸಿಕ್ಕಿಕೊಂಡು ಒತ್ತುವ ಹೊತ್ತಿಗೆ ಸುತ್ತಲಿನ ಗೋಡೆ ಮೆತ್ತಗಾಗಿ ಹಿಗ್ಗಲು ತಯಾರಿರಬೇಕು. ಭಟ್ಟಿಯವರು ಭತ್ತ ನೆನೆಸುವುದು, ಬೇಯಿಸುವುದು, ಉಪ್ಪುನೀರು ಹಚ್ಚುವುದು, ಮರಳು ಕಾಯಿಸುವುದು, ಕ್ಷಣದಲ್ಲಿ ಹೊರತೆಗೆಯುವುದು ಎಲ್ಲವೂ ಈ ಎರಡನ್ನು ಒಂದೇ ಗಳಿಗೆಗೆ ತರುವ ಉಪಾಯ.

ಹಸಿ ಅಕ್ಕಿಯಲ್ಲಿ, ಅಂದರೆ ಬೇಯಿಸದ ಭತ್ತದಿಂದ ಮಾಡಿದ ಬೆಳ್ತಿಗೆ ಅಕ್ಕಿಯಲ್ಲಿ, ಪಿಷ್ಟ ಸಣ್ಣ ಸಣ್ಣ ಕಣಗಳಾಗಿ ಒತ್ತೊತ್ತಾಗಿ ಕೂತಿರುತ್ತದೆ. ಕಣಗಳ ನಡುವೆ ಸಂದುಗಳಿವೆ, ಕಾಳಿನಲ್ಲಿ ಕೂದಲೆಳೆಯಂಥ ಬಿರುಕುಗಳಿವೆ. ಒಂದು ಕಾಳನ್ನು ಬೆಳಕಿಗೆ ಹಿಡಿದು ನೋಡಿ, ನಡುವೆ ಸುಣ್ಣದಂತೆ ಬಿಳಿ ಕಾಣುವ ಭಾಗ ಇದ್ದರೆ ಅದೇ ಸಂದುಗಳಿರುವ ಜಾಗ. ಹಬೆ ಆ ದಾರಿಯಲ್ಲೇ ಸೋರಿಹೋಗುತ್ತದೆ. ನೀರು ಹೋದ ಮೇಲೆ ಕಾಳಿಗೆ ಉಳಿಯುವುದು ಸುಡುವುದೊಂದೇ.

ಮಂಡಕ್ಕಿ ಅಕ್ಕಿಯನ್ನು ಭತ್ತ ಇರುವಾಗಲೇ ನೆನೆಸಿ, ಬಿಸಿ ಕೊಟ್ಟು ಬೇಯಿಸಿ, ಒಣಗಿಸಿ, ಆಮೇಲೆ ಗಿರಣಿಯಲ್ಲಿ ಮಾಡಿಸುತ್ತಾರೆ. ನೀರು ಮತ್ತು ಬಿಸಿ ಸೇರಿದಾಗ ಪಿಷ್ಟದ ಕಣಗಳು ಉಬ್ಬಿ, ಅಂಟಾಗಿ, ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಬಿರುಕುಗಳು ಮುಚ್ಚುತ್ತವೆ. ಒಣಗಿದ ಮೇಲೆ ಕಾಳು ಗಾಜಿನಂತೆ ಗಟ್ಟಿ, ಅರೆಪಾರದರ್ಶಕ, ಸ್ವಲ್ಪ ಹಳದಿ. ಹೀಗೆ ಭತ್ತ ಬೇಯಿಸಿ ಮಾಡುವ ಕುಸುಬಲಕ್ಕಿಯ ಕಾಳು ಹಲ್ಲಿಗೆ ಅಷ್ಟು ಗಡಸಾಗಿರುವುದು ಇದಕ್ಕೇ. ಹಬೆಗೆ ಈಗ ಸುಲಭದ ದಾರಿಯಿಲ್ಲ.

ಗೋಡೆ ಮೆತ್ತಗಾಗುವ ಕೆಲಸವೂ ನೀರಿನದೇ. ಒಣ ಪಿಷ್ಟ ಎಷ್ಟೋ ಬಿಸಿಯವರೆಗೆ ಗಡುಸಾಗಿಯೇ ಇರುತ್ತದೆ, ಮೆತ್ತಗಾಗುವ ಮೊದಲೇ ಸೀಯುತ್ತದೆ. ಅದರೊಳಗೆ ಒಂದಿಷ್ಟು ನೀರಿನ ಅಣುಗಳು ಸೇರಿಕೊಂಡಿದ್ದರೆ ಪಿಷ್ಟದ ಉದ್ದ ಸರಪಳಿಗಳು ಒಂದರ ಪಕ್ಕ ಒಂದು ಜಾರಲು ಎಡೆಯಾಗುತ್ತದೆ, ಕಡಿಮೆ ತಾಪದಲ್ಲೇ ಅದು ರಬ್ಬರಿನ ಗುಣಕ್ಕೆ ಬರುತ್ತದೆ. ಮೈಸೂರಿನ ಸಿಎಫ್‌ಟಿಆರ್‌ಐ ಎಂಬ ಆಹಾರ ಸಂಶೋಧನಾ ಸಂಸ್ಥೆಯಲ್ಲಿ ನಡೆದ ಅಧ್ಯಯನಗಳಲ್ಲಿ ಅತಿ ಹೆಚ್ಚು ಅರಳಿದ್ದು ಕಾಳಿನಲ್ಲಿ ಸುಮಾರು ಶೇ. 10–11ರಷ್ಟು ತೇವವಿದ್ದಾಗ. ಕಡಿಮೆಯಾದರೆ ಗೋಡೆ ಗಡುಸು, ಹಬೆಯೂ ಸಾಲದು. ಹೆಚ್ಚಾದರೆ ಗೋಡೆ ಬೇಗನೆ ಮೆತ್ತಗಾಗಿ, ಒತ್ತಡ ಏರುವ ಮುಂಚೆಯೇ ಹಬೆ ಬಿಟ್ಟುಕೊಡುತ್ತದೆ. ಉಬ್ಬಿದ್ದು ಪೂರ್ತಿ ಒಣಗದೆ ಮತ್ತೆ ಕುಗ್ಗುತ್ತದೆ.

ಈ ಕುಗ್ಗುವ ವಿಷಯವನ್ನು ಮಕ್ಕಳಿಗೆ ಪೂರಿಯಿಂದ ತೋರಿಸಬಹುದು. ಎಣ್ಣೆಯಲ್ಲಿ ಪೂರಿ ಉಬ್ಬುವುದೂ ಹಬೆಯಿಂದಲೇ. ತಟ್ಟೆಗೆ ಬಂದ ಸ್ವಲ್ಪ ಹೊತ್ತಿಗೆ ಅದು ಕುಸಿಯುತ್ತದೆ, ಏಕೆಂದರೆ ಗೋಡೆ ಇನ್ನೂ ಹಸಿ, ಒಳಗಿನ ಹಬೆ ತಣಿದು ನೀರಾಗುತ್ತದೆ. ಮಂಡಕ್ಕಿಯಲ್ಲಿ ನೀರು ಹಬೆಯಾಗಿ ಹಾರುವಾಗ ಎರಡು ಕೆಲಸ ಒಟ್ಟಿಗೆ ಆಗುತ್ತವೆ: ಗೋಡೆ ಒಣಗುತ್ತದೆ, ಜೊತೆಗೆ ತಣ್ಣಗಾಗುತ್ತದೆ. 1 ಗ್ರಾಂ ನೀರು ಆವಿಯಾಗಲು ಸುಮಾರು 2,260 ಜೂಲ್ ಉಷ್ಣ ಬೇಕು. ಪಠ್ಯದಲ್ಲಿ ಗುಪ್ತೋಷ್ಣ ಎನ್ನುವುದು ಇದನ್ನೇ. ಅದಷ್ಟೂ ಕಾಳಿನಿಂದಲೇ ಹೋಗುತ್ತದೆ. ರಬ್ಬರಿನಂತಿದ್ದ ಪಿಷ್ಟ ಉಬ್ಬಿದ ಆಕಾರದಲ್ಲೇ ಮತ್ತೆ ಗಡುಸಾಗಿ ನಿಲ್ಲುತ್ತದೆ.

ನೀರು ಹಬೆಯಾಗುವುದು 100 ಡಿಗ್ರಿಗೆ ತಾನೇ, 250 ಏಕೆ ಎಂದು ಮಕ್ಕಳು ಕೇಳಬಹುದು. ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿರುವುದರಿಂದ ತೆರೆದ ಪಾತ್ರೆಯ ನೀರು ಇಲ್ಲಿ 98ಕ್ಕೇ ಕುದಿಯುತ್ತದೆ. ಮುಚ್ಚಿದ ಜಾಗದಲ್ಲಿ ಹಾಗಲ್ಲ. ನೀರು ಮತ್ತು ಹಬೆ ಒಟ್ಟಿಗೆ ಸಿಕ್ಕಿಕೊಂಡಿದ್ದರೆ ಹಬೆಯ ಒತ್ತಡ 120 ಡಿಗ್ರಿಯಲ್ಲಿ ಹೊರಗಿನ ವಾತಾವರಣದ ಸುಮಾರು ಎರಡು ಪಟ್ಟು, 150ರಲ್ಲಿ ನಾಲ್ಕೂವರೆ ಪಟ್ಟಿಗಿಂತ ಹೆಚ್ಚು, 180ರಲ್ಲಿ ಹತ್ತು, 200ರಲ್ಲಿ ಹದಿನೈದು. ಇವು ಬಿಡಿ ನೀರಿನ ಅಂಕಿಗಳು. ಪಿಷ್ಟಕ್ಕೆ ಅಂಟಿಕೊಂಡ ನೀರಿನ ಒತ್ತಡ ಇದಕ್ಕಿಂತ ಕಡಿಮೆ. ಏರುವ ರೀತಿ ಮಾತ್ರ ಇದೇ: ತಾಪ ಸ್ವಲ್ಪ ಏರಿದರೆ ಒತ್ತಡ ದಬದಬನೆ ಏರುತ್ತದೆ.

ಅದಕ್ಕೇ ವೇಗ ಮುಖ್ಯ. ಕಾಳಿನ ಹೊರಮೈಯಿಂದ ನಡುವಿಗೆ ಬಿಸಿ ತಲುಪಲು ಸುಮಾರು ಹತ್ತು ಸೆಕೆಂಡ್ ಸಾಕು. ಭಟ್ಟಿಯಲ್ಲಿ ಅಕ್ಕಿ ಬಿಸಿ ಮರಳಿನಲ್ಲಿ ಇರುವುದೂ ಹೆಚ್ಚುಕಡಿಮೆ ಅಷ್ಟೇ ಹೊತ್ತು. ದಪ್ಪ ಇಮ್ಮಡಿಯಾದರೆ ಈ ಹೊತ್ತು ನಾಲ್ಮಡಿಯಾಗುತ್ತದೆ. ದಪ್ಪ ಮತ್ತು ಸಣ್ಣ ಕಾಳುಗಳನ್ನು ಬೆರೆಸಿ ಹಾಕಿದರೆ ಸಣ್ಣದು ಸೀಯುವಾಗ ದಪ್ಪದ್ದು ಇನ್ನೂ ಅರಳಿರುವುದಿಲ್ಲ. ನಿಧಾನವಾಗಿ ಕಾಯಿಸಿದರಂತೂ ಒತ್ತಡ ಏರುವ ಮೊದಲೇ ನೀರು ಇಂಚಿಂಚಾಗಿ ಹೊರಟುಹೋಗುತ್ತದೆ. ತಣ್ಣನೆಯ ಮರಳಿಗೆ ಅಕ್ಕಿ ಬೆರೆಸಿ ಒಲೆ ಹಚ್ಚಿದರೆ ಎಂಥ ಮಂಡಕ್ಕಿ ಅಕ್ಕಿಯೂ ಅರಳದು.

ಇನ್ನು ಆ ಹುಡುಗಿಯ ಪ್ರಶ್ನೆ. ಎಲ್ಲಕ್ಕಿಂತ ಚೂಪಾದ ಪ್ರಶ್ನೆ ಅದೇ. ಕಬ್ಬಿಣ ಉತ್ತಮ ವಾಹಕ, ಮರಳು ಕಳಪೆ ವಾಹಕ. ಪುಸ್ತಕ ಸರಿಯಾಗಿಯೇ ಹೇಳಿದೆ. ಆದರೆ ಬಿಸಿ ಬಾಣಲೆಯ ಮೇಲೆ ಒಂದು ಅಕ್ಕಿಕಾಳು ಬಿದ್ದರೆ ಎಷ್ಟು ಕಡೆ ತಾಗುತ್ತದೆ? ಒಂದೆರಡು ಚುಕ್ಕೆಗಳಲ್ಲಿ. ಮಿಕ್ಕ ಮೈಯೆಲ್ಲ ಗಾಳಿಗೆ ಒಡ್ಡಿರುತ್ತದೆ, ಗಾಳಿ ಮರಳಿಗಿಂತಲೂ ಕಳಪೆ ವಾಹಕ. ತಾಗಿದ ಚುಕ್ಕೆ ಕರಿಯಾಗುವಾಗ ಬೆನ್ನು ಇನ್ನೂ ಬೆಚ್ಚಗೂ ಆಗಿರುವುದಿಲ್ಲ. ಮರಳಿನಲ್ಲಿ ಹೂತ ಕಾಳಿಗೆ ಎಲ್ಲ ಕಡೆಯಿಂದಲೂ ಬಿಸಿ ಕಣಗಳು ತಾಗುತ್ತವೆ. ಒಂದು ಕಣ ತನ್ನ ಬಿಸಿ ಕೊಟ್ಟು ತಣ್ಣಗಾದರೆ ಕೈಯಾಡಿಸಿದ ಕೂಡಲೇ ಅದರ ಜಾಗಕ್ಕೆ ಇನ್ನೊಂದು ಬಿಸಿ ಕಣ ಬರುತ್ತದೆ. ಮರಳಿನ ಮೂಲಕ ಬಿಸಿ ಹರಿದು ಬರುವುದಕ್ಕೆ ಕಾಯುವ ಪ್ರಮೇಯವೇ ಇಲ್ಲ, ಬಿಸಿಯನ್ನು ಹೊತ್ತ ಮರಳೇ ಬರುತ್ತದೆ. ಭಟ್ಟಿಯಲ್ಲಿ ಮರಳು ತಿರುವುವ ಕಡ್ಡಿ ಕಟ್ಟು ಹಿಡಿದವರ ಕೈ ನಿಂತದ್ದನ್ನು ಮಕ್ಕಳು ನೋಡಿದರೇ ಎಂದು ಕೇಳಿ ನೋಡಿ. ನಿಲ್ಲುವುದಿಲ್ಲ.

ಮರಳಿನ ಇನ್ನೊಂದು ಗುಣ ಉಗ್ರಾಣದ್ದು, ಅಂದರೆ ಬಿಸಿ ತುಂಬಿಟ್ಟುಕೊಳ್ಳುವುದು. ನಿಮ್ಮ ಪ್ರಯೋಗ ಕೆಟ್ಟದ್ದಕ್ಕೆ ಇದೂ ಒಂದು ಕಾರಣ ಇರಬಹುದು. 1 ಕಿಲೋ ಮರಳಿನ ತಾಪ 1 ಡಿಗ್ರಿ ಇಳಿದರೆ ಸುಮಾರು 0.8 ಕಿಲೋಜೂಲ್ ಉಷ್ಣ ಬಿಡುಗಡೆಯಾಗುತ್ತದೆ. 50 ಗ್ರಾಂ ಅಕ್ಕಿಯನ್ನು 30ರಿಂದ 200 ಡಿಗ್ರಿಗೆ ಏರಿಸಲು ಹದಿನಾಲ್ಕು-ಹದಿನೈದು ಕಿಲೋಜೂಲ್, ಅದರೊಳಗಿನ ನಾಲ್ಕೈದು ಗ್ರಾಂ ನೀರನ್ನು ಹಬೆ ಮಾಡಲು ಹತ್ತು ಕಿಲೋಜೂಲ್, ಒಟ್ಟು 25 ಎನ್ನಿ. 1 ಕಿಲೋ ಮರಳಿದ್ದರೆ ಅದು 250ರಿಂದ 220ಕ್ಕೆ ಇಳಿಯುತ್ತದೆ, ಕೆಲಸ ನಡೆಯುತ್ತದೆ. ಕಾಲು ಕಿಲೋ ಮರಳಿದ್ದರೆ 125ಕ್ಕೆ ಬಂದು ನಿಲ್ಲುತ್ತದೆ, ಕೆಲಸ ಕೆಟ್ಟಿತು. ಎರಡು ಹಿಡಿ ಅಕ್ಕಿ ಎಂದರೆ 80–100 ಗ್ರಾಂ ಆಗಿರುತ್ತದೆ; ಮರಳು ಎಷ್ಟಿತ್ತೆಂದು ನೀವು ಬರೆದಿಲ್ಲ, ಆದರೆ ಮನೆಯ ಬಾಣಲೆಯಲ್ಲಿ ಹಿಡಿಸುವ ಮರಳಿಗೆ ಅಷ್ಟು ಅಕ್ಕಿ ಹೆಚ್ಚೇ.

ಮತ್ತೆ ಮಾಡುವುದಾದರೆ ಹೀಗೆ ಮಾಡಿ. ಅಕ್ಕಿಗಾಗಿ ಮಂಡಕ್ಕಿ ಭಟ್ಟಿ ಲೇಔಟ್ ಕಡೆ ಯಾವುದಾದರೂ ಭಟ್ಟಿಯಲ್ಲಿ ಕಾಲು ಕಿಲೋ ಮಂಡಕ್ಕಿ ಅಕ್ಕಿ ಕೇಳಿ. ಉಪ್ಪು ಹಚ್ಚಿ ತಯಾರಾದದ್ದು ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ಗಾಳಿಯಾಡದ ಡಬ್ಬಿಯಲ್ಲಿ ತನ್ನಿ, ಅವತ್ತೇ ಬಳಸಿ. ಸಿಗದಿದ್ದರೆ ಅಂಗಡಿಯ ಕುಸುಬಲಕ್ಕಿ ಅಥವಾ ಇಡ್ಲಿ ಅಕ್ಕಿಯಲ್ಲೂ ಆಗುತ್ತದೆ. ಭಟ್ಟಿಯದರಷ್ಟು ಉಬ್ಬುವುದಿಲ್ಲ, ಏಕೆಂದರೆ ಮಂಡಕ್ಕಿಗೆ ಬೇಯಿಸುವಷ್ಟು ಗಟ್ಟಿಯಾಗಿ ಅದನ್ನು ಬೇಯಿಸಿರುವುದಿಲ್ಲ. ಪಕ್ಕದಲ್ಲಿ ಹತ್ತು ಕಾಳು ಸೋನಾ ಮಸೂರಿಯನ್ನೂ ಇಟ್ಟುಕೊಳ್ಳಿ, ಹೋಲಿಸಿ ನೋಡಲು ಬೇಕು.

ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ 100 ಗ್ರಾಂ ಕುಸುಬಲಕ್ಕಿ ತೂಗಿ. 2 ಗ್ರಾಂ ಉಪ್ಪನ್ನು ಒಂದು ಸಣ್ಣ ಚಮಚೆಯಷ್ಟು, ಅಂದರೆ 4–5 ಮಿಲಿಲೀಟರ್ ಬಿಸಿ ನೀರಿನಲ್ಲಿ ಕರಗಿಸಿ. ಉಪ್ಪಿನ ಚೂರು ಉಳಿದರೆ ಇನ್ನೆರಡು ಹನಿ ನೀರು ಹಾಕಿ. ಅಕ್ಕಿಗೆ ಚಿಮುಕಿಸಿ ಚೆನ್ನಾಗಿ ಉಜ್ಜಿ. ಉಪ್ಪು ಬರೀ ರುಚಿಗಲ್ಲ, ಉಪ್ಪು ಹಚ್ಚಿದ ಅಕ್ಕಿ ಹೆಚ್ಚು ಅರಳುತ್ತದೆ ಎಂಬುದು ಪ್ರಯೋಗಗಳಲ್ಲೂ ಕಂಡಿದೆ. ಈಗ ಎಲ್ಲ ಸೇರಿ 106 ಗ್ರಾಂ ಆಸುಪಾಸು ಇರುತ್ತದೆ. ಸಣ್ಣ ಉರಿಯಲ್ಲಿ ಬರೀ ಬಾಣಲೆಯಲ್ಲಿ ಕೈಯಾಡಿಸುತ್ತ ಒಣಗಿಸಿ, ನಡುನಡುವೆ ತೂಗಿ. 99–100 ಗ್ರಾಂಗೆ ಬಂದಾಗ ಇಳಿಸಿ. ಶುರುವಿನಲ್ಲಿ ಅಕ್ಕಿಯಲ್ಲಿ ಶೇ. 13 ತೇವ ಇತ್ತು ಎಂದಿಟ್ಟುಕೊಂಡರೆ ಈ ತೂಕದಲ್ಲಿ ತೇವ ಶೇ. 10.5ರ ಹತ್ತಿರ ಬಂದಿರುತ್ತದೆ. ಕಾಳು ಕೆಂಪಾಗತೊಡಗಿದರೆ ಉರಿ ಹೆಚ್ಚಾಯಿತು ಎಂದರ್ಥ. ಮುಚ್ಚಿದ ಡಬ್ಬಿಯಲ್ಲಿ ಅರ್ಧ ಗಂಟೆ ಬಿಡಿ. ಈ ಅರ್ಧ ಗಂಟೆಯನ್ನು ಹಲವರು ಬಿಟ್ಟುಬಿಡುತ್ತಾರೆ. ಹಾಗೆ ಮಾಡಿದರೆ ಕಾಳಿನ ಮೈ ಒಣ, ನಡು ತೇವ, ಅರಳುವಾಗ ಸೀಳು.

ಮರಳು 1 ಕಿಲೋ ಬೇಕು. ನೀರು ತಿಳಿಯಾಗುವವರೆಗೆ ತೊಳೆದು, ಬಿಸಿಲಲ್ಲಿ ಪೂರ್ತಿ ಒಣಗಿಸಿ, 1 ಮಿಲಿಮೀಟರಿಗಿಂತ ದಪ್ಪ ಇರುವುದನ್ನೂ ಧೂಳನ್ನೂ ಜರಡಿಯಿಂದ ತೆಗೆಯಿರಿ. ಹಸಿ ಮರಳು ಕಾದರೆ ಸಿಡಿಯುತ್ತದೆ, ಕಣ್ಣಿಗೆ ಅಪಾಯ. ದಪ್ಪ ಕಬ್ಬಿಣದ ಬಾಣಲೆಯೇ ಇರಲಿ; ನಾನ್‌ಸ್ಟಿಕ್ ಬೇಡವೇ ಬೇಡ, ಆ ಲೇಪನ 260 ಡಿಗ್ರಿ ದಾಟಿದರೆ ಕೆಡತೊಡಗಿ ಹೊಗೆ ಬಿಡುತ್ತದೆ. ಗ್ಯಾಸ್ ಒಲೆಯ ದೊಡ್ಡ ಉರಿಯಲ್ಲಿ ತಿರುವುತ್ತ ಕಾಯಿಸಿದರೆ ಹತ್ತು ನಿಮಿಷ ಬೇಕಾಗಬಹುದು. ಶಾಲೆಯ ಪ್ರಯೋಗಾಲಯದ ಥರ್ಮಾಮೀಟರ್ ಮರಳಿಗೆ ಚುಚ್ಚಬೇಡಿ. ಅದು 110ರವರೆಗಿನದು, ಒಡೆದು ಪಾದರಸ ಚೆಲ್ಲಿದರೆ ದೊಡ್ಡ ರಗಳೆ. ಜ್ವರ ನೋಡುವ ಗನ್ ಕೂಡ ಇಷ್ಟು ಬಿಸಿಯನ್ನು ತೋರಿಸದು. ಐದು ಕಾಳು ಹಾಕಿ ನೋಡುವುದೇ ಅಳತೆ: ಹತ್ತು ಸೆಕೆಂಡಿನೊಳಗೆ ಬೆಳ್ಳಗೆ ಅರಳಿದರೆ ಹದ, ಇಪ್ಪತ್ತಾದರೂ ಸುಮ್ಮನಿದ್ದರೆ ಇನ್ನೂ ಕಾಯಬೇಕು, ಅರಳುತ್ತಲೇ ಕಂದು ಬಣ್ಣ ಬಂದರೆ ಉರಿ ತಗ್ಗಿಸಿ.

ಹದ ಬಂದ ಮೇಲೆ ಒಂದು ಸಲಕ್ಕೆ 20–25 ಗ್ರಾಂ ಹಾಕಿ, ಬಿಡದೆ ತಿರುವಿ, ಅರಳುವುದು ನಿಂತ ಕೂಡಲೇ 2 ಮಿಲಿಮೀಟರ್ ಕಣ್ಣಿನ ತಂತಿ ಜರಡಿಗೆ ಸುರಿದು ಮರಳನ್ನು ಇನ್ನೊಂದು ಕಬ್ಬಿಣದ ಪಾತ್ರೆಗೆ ಇಳಿಸಿ. ಪ್ಲಾಸ್ಟಿಕ್ ಜರಡಿ, ಪ್ಲಾಸ್ಟಿಕ್ ಬುಟ್ಟಿ ಹತ್ತಿರವೂ ಬೇಡ. ಸುರಿಯುವ ಕೆಲಸ ದೊಡ್ಡವರದು, ಮಕ್ಕಳು ಎರಡು ಮೀಟರ್ ದೂರ. 250 ಡಿಗ್ರಿಯ ಮರಳು ನೋಡಲು ತಣ್ಣನೆಯ ಮರಳಿನ ಹಾಗೇ ಇರುತ್ತದೆ, ಒಲೆ ಆರಿಸಿ ಒಂದು ಗಂಟೆಯಾದರೂ ಯಾರೂ ಮುಟ್ಟದಂತೆ ನೋಡಿಕೊಳ್ಳಿ.

ಮರಳಿನ ಬದಲು ಪುಡಿ ಉಪ್ಪನ್ನು ಕಾಯಿಸಿಯೂ ಮಾಡಬಹುದು. ಉಪ್ಪು ಕರಗುವುದು 801 ಡಿಗ್ರಿಗೆ, ಆ ಭಯವಿಲ್ಲ. ಕಲ್ಲುಪ್ಪು ಮಾತ್ರ ಬೇಡ: ಅದರ ಹರಳುಗಳೊಳಗೆ ಸಿಕ್ಕಿಕೊಂಡ ನೀರು ಕಾದು ಹರಳನ್ನೇ ಸಿಡಿಸುತ್ತದೆ. ಒಲೆಗೆ ಬಿದ್ದ ಕಲ್ಲುಪ್ಪು ಚಟಚಟ ಎನ್ನುವುದು ಇದಕ್ಕೇ. ನಿಮ್ಮ ಮೂರನೇ ಪ್ರಶ್ನೆಯ ಉತ್ತರವೂ ಅಲ್ಲೇ ಇದೆ.

ಸದ್ದು ಎಂದರೆ ಗಾಳಿಯಲ್ಲಿ ಹರಡುವ ಒತ್ತಡದ ಏರಿಳಿತ. ಕಾಳು ಬಾಣಲೆಗೆ ಬಡಿಯುವುದರಿಂದ ಸದ್ದು ಬರುತ್ತದೆ ಎಂದು ಬಹಳ ಮಕ್ಕಳು ಊಹಿಸುತ್ತಾರೆ. ಅರಳಿದ ಮಂಡಕ್ಕಿಯನ್ನು ಒಂದಡಿ ಎತ್ತರದಿಂದ ಖಾಲಿ ಬಾಣಲೆಗೆ ಹಾಕಿಸಿ ಕೇಳಿಸಿ. ಕೇಳಿಸಿದರೆ ಕೇಳಿಸಿತು ಎಂಬಷ್ಟು ಸಣ್ಣ ಸದ್ದು. ಪಾಪ್‌ಕಾರ್ನ್ ಬಗ್ಗೆ ಫ್ರಾನ್ಸಿನ ಇಬ್ಬರು ವಿಜ್ಞಾನಿಗಳು 2015ರಲ್ಲಿ ಹೈಸ್ಪೀಡ್ ಕ್ಯಾಮೆರಾ ಮತ್ತು ಮೈಕ್ ಒಟ್ಟಿಗೆ ಇಟ್ಟು ನೋಡಿ ಪ್ರಕಟಿಸಿದ್ದರು. ಕಾಳುಗಳು ಒಡೆಯುವುದು 180 ಡಿಗ್ರಿ ಆಸುಪಾಸು, 'ಪಾಪ್' ಸದ್ದಿಗೆ ಕಾರಣ ಒಳಗಿನ ಹಬೆ ತಟ್ಟನೆ ಬಿಡುಗಡೆಯಾಗುವುದು, ಸಿಪ್ಪೆ ಬಿರಿಯುವುದಾಗಲಿ ಕಾಳು ನೆಲಕ್ಕೆ ಪುಟಿಯುವುದಾಗಲಿ ಅಲ್ಲ ಎಂಬುದು ಅವರ ತೀರ್ಮಾನ.

ಪಾಪ್‌ಕಾರ್ನಿಗೆ ಗಟ್ಟಿ ಸಿಪ್ಪೆ ಇದೆ. ಹಬೆ ಕೊನೆಯವರೆಗೂ ಕಟ್ಟಿಕೊಂಡು ಒಮ್ಮೆಲೇ ಹೊರನುಗ್ಗುತ್ತದೆ, ಸದ್ದು ಜೋರು. (ನಮ್ಮ ಜಿಲ್ಲೆಯ ಹೊಲಗಳಲ್ಲಿ ಬೆಳೆಯುವ ಸಾಮಾನ್ಯ ಮೆಕ್ಕೆಜೋಳವನ್ನು ಹುರಿದು ಪಾಪ್‌ಕಾರ್ನ್ ಆಗಲಿಲ್ಲ ಎಂದು ಬೇಸರಪಡಬೇಡಿ. ಅದರ ಸಿಪ್ಪೆ, ಪಿಷ್ಟ ಎರಡೂ ಬೇರೆ ಜಾತಿ.) ಅಕ್ಕಿಗೆ ಸಿಪ್ಪೆಯಿಲ್ಲ, ಗಿರಣಿಯಲ್ಲೇ ಹೋಗಿದೆ. ಗೋಡೆ ಹಿಗ್ಗುತ್ತ ಹಿಗ್ಗುತ್ತ ನೂರಾರು ಸಣ್ಣ ರಂಧ್ರಗಳಲ್ಲಿ ಹಬೆ ಬಿಡುತ್ತದೆ, ಹಾಗಾಗಿ ಸದ್ದು ಸಣ್ಣದು, ಮೃದು. ಜೊತೆಗೆ ಮರಳಿನ ಸಂದುಗಳು ಆ ಸದ್ದನ್ನೂ ಅಷ್ಟಿಷ್ಟು ನುಂಗುತ್ತವೆ. ನಾಗರಪಂಚಮಿಗೆ ಜೋಳದ ಅಳ್ಳು ಹುರಿಯುವವರ ಮನೆಯಲ್ಲಿ ಮುಚ್ಚಳಕ್ಕೆ ಕಾಳು ಬಡಿಯುವಷ್ಟು ಜೋರು ಸಿಡಿತ ಇರುತ್ತದೆ, ಏಕೆಂದರೆ ಜೋಳದ ಸಿಪ್ಪೆ ಇನ್ನೂ ಮೈಮೇಲಿದೆ. ಹೊಟ್ಟಿನ ಸಮೇತ ಹುರಿಯುವ ಭತ್ತದ ಅರಳಿನಲ್ಲೂ ಹಾಗೇ, ಹೊಟ್ಟು ಬಿಗಿಯಾಗಿದ್ದಷ್ಟೂ ಒಳ್ಳೆ ಅರಳು.

ತರಗತಿಯಲ್ಲಿ ಇದನ್ನು ಅಳೆಯಬಹುದು. ಮೂವತ್ತು ಕಾಳು ಅಳ್ಳಿನ ಜೋಳ ಅಥವಾ ಪಾಪ್‌ಕಾರ್ನ್ ಕಾಳನ್ನು ಮುಚ್ಚಿದ ಬಾಣಲೆಯಲ್ಲಿ ಹಾಕಿ, 1 ಮೀಟರ್ ದೂರದಲ್ಲಿ ಫೋನ್ ಇಟ್ಟು ರೆಕಾರ್ಡ್ ಮಾಡಿ. ಧ್ವನಿಯ ಅಲೆ ತೋರಿಸುವ ಯಾವ ಆ್ಯಪ್ ಆದರೂ ಆಗುತ್ತದೆ. ಪ್ರತಿ ಸಿಡಿತಕ್ಕೂ ಒಂದು ಮೊನೆ ಏಳುತ್ತದೆ. ಐದೈದು ಸೆಕೆಂಡಿಗೆ ಎಷ್ಟು ಮೊನೆ ಎಂದು ಎಣಿಸಿ ಕಂಬನಕ್ಷೆ ಬರೆಸಿ. ಮೊದಲು ಒಂದೆರಡು, ನಡುವೆ ಗುಂಪಾಗಿ, ಕೊನೆಗೆ ಮತ್ತೆ ಒಂದೆರಡು. ಕಾಳುಗಳೆಲ್ಲ ಒಂದೇ ಗಾತ್ರ, ಒಂದೇ ತೇವ ಇಲ್ಲ ಎಂಬುದು ಆ ನಕ್ಷೆಯಲ್ಲೇ ಕಾಣುತ್ತದೆ. ಬಳಿಕ ಅದೇ ಕಾಳನ್ನು ಎರಡು ದಿನ ಬಿಸಿಲಿಗೆ ಒಣಗಿಸಿ ಮತ್ತೆ ಮಾಡಿ. ಮೊನೆಗಳು ಕಡಿಮೆಯಾದರೆ ನೀರಿನ ಪಾತ್ರಕ್ಕೆ ಅದೇ ಸಾಕ್ಷಿ, ಗಾಳಿ ಎಂದ ಹುಡುಗನಿಗೂ ಒಪ್ಪಿಗೆಯಾಗುತ್ತದೆ.

ಹಬೆ ನೀರಿನದೇ ಎಂದು ತೋರಿಸಲು ಬಾಣಲೆ ಮೇಲೆ ತಣ್ಣನೆಯ ಸ್ಟೀಲ್ ತಟ್ಟೆ ಹಿಡಿಯುವವರಿದ್ದಾರೆ. ಒಲೆ ಉರಿಯುತ್ತಿರುವಾಗ ಹಿಡಿಯಬೇಡಿ: ಗ್ಯಾಸ್ ಉರಿದಾಗಲೂ ನೀರಾವಿ ಹುಟ್ಟುತ್ತದೆ, ತಟ್ಟೆಯ ಹನಿ ಅಕ್ಕಿಯದೋ ಗ್ಯಾಸಿನದೋ ಗೊತ್ತಾಗದು. ಮರಳು ಹದಕ್ಕೆ ಬಂದಾಗ ಒಲೆ ಆರಿಸಿ, ಮೊದಲು ಬರೀ ಮರಳಿನ ಮೇಲೆ ಹಿಡಿದು ನೋಡಿ, ಆಮೇಲೆ ಅಕ್ಕಿ ಹಾಕಿ ಹಿಡಿಯಿರಿ. ತೂಕವೂ ಹೇಳುತ್ತದೆ: 50 ಗ್ರಾಂ ಅಕ್ಕಿ ಅರಳಿದ ಮೇಲೆ 46 ಗ್ರಾಂ ಆಸುಪಾಸು ಬರಬೇಕು. ಮಾಯವಾದ 4 ಗ್ರಾಂ ಎಂದರೆ 100 ಡಿಗ್ರಿಯ ಆರೂವರೆ ಲೀಟರಿಗೂ ಮಿಕ್ಕಿದ ಹಬೆ. ಗಾತ್ರ ಹೆಚ್ಚಿ ತೂಕ ಇಳಿದದ್ದು ಮಕ್ಕಳಿಗೆ ವಿಚಿತ್ರ ಅನಿಸುತ್ತದೆ. ದ್ರವ್ಯರಾಶಿ, ಗಾತ್ರ, ಸಾಂದ್ರತೆ ಬೇರೆ ಬೇರೆ ಎಂದು ಹೇಳಲು ಇದಕ್ಕಿಂತ ಒಳ್ಳೆಯ ಸಮಯ ಸಿಗದು.

ಗಾತ್ರ ಅಳೆಯುವುದರಲ್ಲಿ ಒಂದು ತೊಡಕಿದೆ. ಅಕ್ಕಿಗೆ ನೀರು ಸಾಕು: 10 ಮಿಲಿಲೀಟರ್ ಸಿರಿಂಜಿನ ಮೂತಿ ಮುಚ್ಚಿ, 5ರವರೆಗೆ ನೀರು ತುಂಬಿ, 200 ಕಾಳು ಹಾಕಿ, ಮಟ್ಟ ಸುಮಾರು 3 ಮಿಲಿಲೀಟರ್ ಏರುತ್ತದೆ. ಮಂಡಕ್ಕಿ ಮಾತ್ರ ನೀರು ಹೀರಿ ಮುದ್ದೆಯಾಗುತ್ತದೆ, ತೇಲುತ್ತದೆ ಬೇರೆ. ಅದಕ್ಕೆ ರಾಗಿ ಬಳಸಿ. ಒಂದು ಲೋಟವನ್ನು ರಾಗಿಯಿಂದ ತುಂಬಿ, ಮೂರು ಸಲ ಕುಟ್ಟಿ, ಸ್ಕೇಲಿನಿಂದ ಬಾಯಿಮಟ್ಟ ಸವರಿ, ರಾಗಿಯನ್ನು ತಟ್ಟೆಗೆ ಸುರಿಯಿರಿ. ಖಾಲಿ ಲೋಟಕ್ಕೆ 200 ಮಂಡಕ್ಕಿ ಹಾಕುತ್ತ ನಡುನಡುವೆ ತಟ್ಟೆಯ ರಾಗಿಯನ್ನೇ ಸುರಿದು, ಮತ್ತೆ ಮೂರೇ ಸಲ ಕುಟ್ಟಿ, ಸವರಿ. ತಟ್ಟೆಯಲ್ಲಿ ಉಳಿದ ರಾಗಿಯ ಗಾತ್ರವೇ 200 ಮಂಡಕ್ಕಿಯ ಗಾತ್ರ. ಅದನ್ನು ಸಿರಿಂಜಿನಲ್ಲಿ ಅಳೆಯಿರಿ. 20–25 ಮಿಲಿಲೀಟರ್ ಬಂದರೆ ನಿಮ್ಮ ಅಕ್ಕಿ, ಮರಳು, ಹದ ಎಲ್ಲ ಸರಿ. 10ಕ್ಕಿಂತ ಕಡಿಮೆ ಬಂದರೆ ತೇವವನ್ನು ಮೊದಲು ಅನುಮಾನಿಸಿ, ಮರಳಿನ ಬಿಸಿಯನ್ನು ಆಮೇಲೆ. ಕುಟ್ಟುವ ಸಂಖ್ಯೆ ತಪ್ಪಿದರೆ ಒಂದೆರಡು ಮಿಲಿಲೀಟರ್ ಆಚೀಚೆಯಾಗುವುದು ಸಹಜ, ಮೂರು ಗುಂಪು ಮಾಡಿ ಸರಾಸರಿ ತೆಗೆಸಿ.

ಮಾಡಿದ ಮಂಡಕ್ಕಿಯನ್ನು ಮಕ್ಕಳು ತಿನ್ನದೆ ಬಿಡುವುದಿಲ್ಲ. ಹೊಳೆ ಮರಳಿನಲ್ಲಿ ಮಾಡಿದ್ದನ್ನು ತಿನ್ನಲು ಕೊಡಬೇಡಿ, ಹಲ್ಲಿಗೆ ಸಿಗುತ್ತದೆ. ಉಪ್ಪಿನಲ್ಲಿ ಮಾಡಿ ಜರಡಿ ಹಿಡಿದದ್ದು ಆಗಬಹುದು. ಖಾರ ಮಂಡಕ್ಕಿ ಮಾಡುವ ಮೊದಲು ಒಂದು ಹಿಡಿ ತೆಗೆದು ಮಳೆಗಾಲದ ಗಾಳಿಗೆ ತೆರೆದಿಡಿ. ಮರುದಿನ ಅದನ್ನು ಜಗಿದರೆ ಕರುಂಕುರುಂ ಇರುವುದಿಲ್ಲ. ಗರಿಗರಿ ಮಂಡಕ್ಕಿಯ ಒಳಗೋಡೆಗಳು ಗಡುಸಾಗಿದ್ದು ಒಂದೊಂದೇ ಮುರಿಯುತ್ತವೆ, ಪ್ರತಿ ಮುರಿತವೂ ಒಂದು ಪುಟ್ಟ ಸದ್ದು. ತೇವ ಹೀರಿದ ಗೋಡೆ ಮುರಿಯದೆ ಬಾಗುತ್ತದೆ. ಅದೇ ಮಂಡಕ್ಕಿಯನ್ನು ಸಣ್ಣ ಉರಿಯಲ್ಲಿ ಮೂರ್ನಾಲ್ಕು ನಿಮಿಷ ಕೈಯಾಡಿಸಿ ಬೆಚ್ಚಗೆ ಮಾಡಿ, ತಟ್ಟೆಗೆ ಹರಡಿ, ಪೂರ್ತಿ ಆರಿದ ಮೇಲೆ ಜಗಿಸಿ ನೋಡಿ. ಬಿಸಿ ಇರುವಾಗಲೇ ಡಬ್ಬಿಗೆ ತುಂಬಿದರೆ ಒಳಗಿನ ನೀರಾವಿ ತಣಿದು ಮತ್ತೆ ಅದಕ್ಕೇ ಸೇರುತ್ತದೆ.